ಗೋಶಾಲೆಯ ಮಡಿಬಟ್ಟೆ

ಆಶ್ರಮದ ಹಾಲು ಆ ದಿನವೂ ಒಡೆಯಿತು.

ಅಡುಗೆಮನೆಯ ಭಾಗೀರಥಮ್ಮ ಪಾತ್ರೆಯನ್ನು ಗೋಶಾಲೆಯವರೆಗೂ ಹೊತ್ತು ತಂದರು. “ಕರು ಹಾಕಿ ಎಷ್ಟು ಕಾಲವಾಯಿತು! ನಿನ್ನ ಹಸುಗಳು ಇನ್ನೂ ಗಿಣ್ಣು ಕೊಡುತ್ತಿವೆಯಲ್ಲೇ, ವಸುಮತಿ?”

ವಸುಮತಿಗೆ ನಗು ಬರಲಿಲ್ಲ. ಗೋಸೇವೆ ತನಗೇ ಬೇಕೆಂದು ಮಾತಾಜಿಯವರನ್ನು ಕಾಡಿ ಪಡೆದವಳು ಅವಳು. ಅವಳು ಕೈಯಿಟ್ಟ ಮೇಲೆಯೇ ಹಾಲು ಕೆಟ್ಟಿತ್ತು.

ಸೀರೆಗಳ ಗಂಟು ಕಟ್ಟಿಕೊಂಡು ನದಿಯ ದಂಡೆಗೆ ಹೋದಳು. ಮಾತಾಜಿ ಮೆಟ್ಟಿಲ ಮೇಲೆ ಕುಳಿತಿದ್ದರು.

“ದೇವರು ನನ್ನ ಸೇವೆ ಒಪ್ಪುತ್ತಿಲ್ಲ, ಮಾತಾಜಿ. ನಾನು ಊರಿಗೆ ಹೊರಟೆ.”

“ಹಾಗೆಂದು ದೇವರು ಹೇಳಿದನೇ?”

“ಹಾಲೇ ಹೇಳುತ್ತಿದೆಯಲ್ಲ.”

“ಹೌದೇ? ಹಾಗಿದ್ದರೆ ಹಾಲಿನ ಮಾತನ್ನು ನಾನೂ ಕೇಳಬೇಕು. ಸಂಜೆ ಕರೆದುಕೊಟ್ಟು ಹೋಗು.”

ಸಂಜೆ ಮಾತಾಜಿ ಗೋಶಾಲೆಗೆ ಬಂದರು. ಕೈಯಲ್ಲಿ ಕಪ್ಪು ಕಲ್ಲಿನ ಬಟ್ಟಲು.

ವಸುಮತಿ ಮಿಂದು ಮಡಿಯುಟ್ಟಿದ್ದಳು. ನದಿಯ ನೀರಿನ ಚೊಂಬಿನಲ್ಲಿ ಮಡಿಬಟ್ಟೆಯನ್ನು ಅದ್ದಿ, ಸ್ತೋತ್ರ ಹೇಳುತ್ತ ಗೌರಿಯ ಕೆಚ್ಚಲು ಒರೆಸಿದಳು. ಅದೇ ಬಟ್ಟೆಯನ್ನು ಅದೇ ಚೊಂಬಿಗೆ ಅದ್ದಿ ಕಪಿಲೆಯ ಕೆಚ್ಚಲಿಗೆ ಇಟ್ಟಳು.

ಕಪಿಲೆ ಒದ್ದಳು.

ವಸುಮತಿ ಆ ಗೊರಸನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡಳು.

“ಅದೇನು?” ಎಂದರು ಮಾತಾಜಿ.

“ನನ್ನನ್ನು ಪರೀಕ್ಷಿಸುತ್ತಿದ್ದಾಳೆ. ದಿನವೂ ಹೀಗೇ.”

“ಹೂಂ.”

ಅದೇ ಬಟ್ಟೆ ಕೊನೆಗೆ ತುಂಗೆಗೂ ಹೋಯಿತು.

ಮಾತಾಜಿ ಬಟ್ಟಲನ್ನು ಮುಂದೆ ಚಾಚಿದರು. “ಒಬ್ಬೊಬ್ಬಳದೂ ಮೊದಲ ಹಾಲನ್ನು ಇದರಲ್ಲಿ ಕರೆದು ತೋರಿಸು.”

ಗೌರಿಯ ಹಾಲು ಕಪ್ಪು ಕಲ್ಲಿನ ಮೇಲೆ ನುಣ್ಣಗೆ ಹರಡಿತು. ಬಟ್ಟಲು ತೊಳೆದು ಕಪಿಲೆಯದನ್ನು ಹಿಡಿದಳು. ಹಾಲಿನಲ್ಲಿ ಮೊಸರಿನ ಚೂರುಗಳಂಥವು ತೇಲಿದವು. ತುಂಗೆಯ ಹಾಲಿನಲ್ಲೂ ಇದ್ದವು, ಸ್ವಲ್ಪವೇ.

ವಸುಮತಿ ಬಗ್ಗಿ ನೋಡಿದಳು. ಕಪಿಲೆಯ ಕೆಚ್ಚಲನ್ನು ಮೆಲ್ಲಗೆ ಮುಟ್ಟಿದಳು. ಒಂದು ಕಡೆ ಗಟ್ಟಿಯಾಗಿತ್ತು, ಸುಡುತ್ತಿತ್ತು.

“ಬಾವು! ಆದರೆ ಇವಳದು ತುಂಗೆಗೆ ಹೇಗೆ ಹೋಯಿತು? ಇಬ್ಬರನ್ನೂ ದೂರ ದೂರ ಕಟ್ಟುತ್ತೇನಲ್ಲ!”

“ಕಟ್ಟದೆ ಬಿಟ್ಟದ್ದು ಏನಾದರೂ ಇದೆಯೇ?”

ವಸುಮತಿ ಸುತ್ತಲೂ ನೋಡಿದಳು. ಕೊನೆಗೆ ತನ್ನ ಕೈಯನ್ನೂ ಅದರಲ್ಲಿದ್ದ ಬಟ್ಟೆಯನ್ನೂ ನೋಡಿಕೊಂಡಳು.

“ಇದು ಮಡಿಬಟ್ಟೆ, ಮಾತಾಜಿ! ನನ್ನ ಹೊರತು ಇನ್ನೊಬ್ಬರು ಮುಟ್ಟಿಲ್ಲ.”

ಮಾತಾಜಿ ಬಟ್ಟೆಯನ್ನು ತೆಗೆದುಕೊಂಡು ಅಲ್ಲಿದ್ದ ಲೋಟದೊಳಕ್ಕೆ ಹಿಂಡಿದರು. ಕದಡಿದ ನೀರು ಇಳಿಯಿತು. ಲೋಟವನ್ನು ಅವಳ ಮುಂದಿಟ್ಟರು.

“ಮಡಿಯ ನೀರು. ತೀರ್ಥವೆಂದು ತೆಗೆದುಕೋ.”

ವಸುಮತಿಯ ಕೈ ಮೇಲೇಳಲಿಲ್ಲ.

ಸೀರೆಗಳ ಗಂಟು ಗೋಶಾಲೆಯ ಬಾಗಿಲ ಬಳಿ ಇಟ್ಟಲ್ಲೇ ಉಳಿಯಿತು. ಪಶುವೈದ್ಯರು ಬಂದು ಮದ್ದು ಕೊಟ್ಟರು. ಅದು ಮುಗಿದು ಅವರು ಸರಿಯೆಂದು ಹೇಳುವವರೆಗೂ ಕಪಿಲೆ, ತುಂಗೆಯರ ಹಾಲನ್ನು ಅಡುಗೆಮನೆಗೆ ಒಯ್ಯಲಿಲ್ಲ. ವಸುಮತಿ ಒಬ್ಬೊಬ್ಬಳಿಗೂ ಬೇರೆ ಬಟ್ಟೆ, ಬೇರೆ ನೀರು ಇಟ್ಟಳು; ಬಟ್ಟೆಗಳನ್ನು ದಿನವೂ ಕುದಿಸಿದಳು. ಒಬ್ಬಳಿಂದ ಇನ್ನೊಬ್ಬಳ ಬಳಿಗೆ ಹೋಗುವ ಮುನ್ನ ಸೋಪು ಹಾಕಿ ಕೈ ತೊಳೆದಳು. ಕಪಿಲೆಯನ್ನು ಎಲ್ಲರಿಗಿಂತ ಕೊನೆಗೆ ಕರೆದಳು.

ಮೂವರ ಹಾಲೂ ಮತ್ತೆ ಅಡುಗೆಮನೆಗೆ ಹೋದ ಬೆಳಿಗ್ಗೆ ಭಾಗೀರಥಮ್ಮ ಏನನ್ನೂ ಹೊತ್ತು ತರಲಿಲ್ಲ. ಅಡುಗೆಮನೆಯಿಂದ ಪಾಯಸದ ಪರಿಮಳ ಮಾತ್ರ ಬಂತು.

ವಸುಮತಿ ನದಿಯ ದಂಡೆಗೆ ಓಡಿದಳು. “ಮಾತಾಜಿ, ಈಗಲಾದರೂ ದೇವರು ನನ್ನ ಸೇವೆ ಒಪ್ಪಿದನೇ?”

“ಇವತ್ತು ಕಪಿಲೆ ಒದ್ದಳೇ?”

“ಇಲ್ಲ. ಮೆಲುಕು ಹಾಕುತ್ತ ನಿಂತಿದ್ದಳು.”

“ಮತ್ತೆ ನನ್ನನ್ನೇಕೆ ಕೇಳುತ್ತೀ? ಹೋಗು, ಬಟ್ಟೆ ಕುದಿಯಲು ಇಡು.”