ಹೊಂಬಣ್ಣದ ಹುಲ್ಲು

ಮೊಣಕಾಲುದ್ದದ ಹಸಿರು ಹುಲ್ಲು ಮೇಯುತ್ತಿದ್ದ ಎಮ್ಮೆಗೆ ಪಕ್ಕದೂರಿನ ಅಕ್ಕನ ಹೊಟ್ಟೆ ಉರಿಸುವ ಆಸೆಯಾಯಿತು. ಹುಲ್ಲುಗಾವಲಿನಲ್ಲಿ ತಾನು ಮೇಯುವ ವಿಡಿಯೋ ತೆಗೆದು, ಚಿತ್ರಗಳ ಬಣ್ಣ ಬದಲಿಸಿಕೊಡುವ ಗೋಸುಂಬೆಯ ಮುಂದಿಟ್ಟಿತು.

"ಇದನ್ನು ಥೇಟ್ ಸಿನಿಮಾದ ಹಾಗೆ ಮಾಡಿಕೊಡಿ."

"ಸಿನಿಮಾದಲ್ಲಿ ಹುಲ್ಲು ಎಲ್ಲಾದರೂ ಹಸಿರಾಗಿರುತ್ತದೇನಮ್ಮಾ?" ಎಂದ ಗೋಸುಂಬೆ, ಇಡೀ ಬಯಲಿಗೆ ಸಂಜೆಯ ಹೊಂಬಣ್ಣ ಹಚ್ಚಿತು. ತನ್ನ ಕರಿಮೈಯೂ ಕಂಚಿನಂತೆ ಹೊಳೆಯುವುದನ್ನು ಕಂಡು ಎಮ್ಮೆ ಹಿಗ್ಗಿ, ವಿಡಿಯೋವನ್ನು ಅಕ್ಕನಿಗೆ ಕಳಿಸಿತು.

ಮರುದಿನ ಗಾಡಿ ತುಂಬ ಒಣಹುಲ್ಲು ಬಂತು. ಗಾಡಿ ಎಳೆದು ತಂದ ಎತ್ತು ಹೇಳಿತು: "ನಿಮ್ಮಕ್ಕ ವಿಡಿಯೋ ನೋಡಿ ಗೋಳೋ ಎಂದು ಅತ್ತರು. 'ಪಾಪ, ತಂಗಿಯ ಹುಲ್ಲೆಲ್ಲ ಒಣಗಿಹೋಗಿದೆ, ಸದ್ಯಕ್ಕೆ ಇದನ್ನು ತಿಂದುಕೊಂಡಿರಲಿ' ಎಂದು ಕಳಿಸಿದ್ದಾರೆ."

ಎಮ್ಮೆ ಗೋಸುಂಬೆಯನ್ನು ಕೆಕ್ಕರಿಸಿ ನೋಡಿತು.

ಗೋಸುಂಬೆ ಬೀಗಿತು: "ಸಿನಿಮಾ ಅಂದರೆ ಇದು! ನೋಡಿದವರ ಕಣ್ಣಲ್ಲಿ ನೀರು ತರಿಸಿದೆವಲ್ಲ!"