ದರ್ಶನಕ್ಕೆ ಬಂದ ಆನೆಗಳು

ಕಡೇಬೆಟ್ಟದ ಪಾಳೆಯಗಾರ ರಂಗಪ್ಪ ನಾಯಕನಿಗೆ ಊಟ ತಪ್ಪಿದರೂ ನಡೆಯುತ್ತಿತ್ತು, ಹೊಗಳಿಕೆ ತಪ್ಪುವಂತಿರಲಿಲ್ಲ.

ಪ್ರತಿವರ್ಷ ರಾಗಿ ತೆನೆ ಬಲಿಯುವ ಹೊತ್ತಿಗೆ ಕಾಡಾನೆಗಳು ಅದೇ ಜಾಡು ಹಿಡಿದು ಕೋಟೆಯ ಕೆಳಗಿನ ಹೊಲಗಳಿಗೆ ಇಳಿಯುತ್ತಿದ್ದವು. ಈ ಸಲ ಹೊಲದೊಡತಿ ಹೊನ್ನಾಜಮ್ಮ ಆಸ್ಥಾನಕ್ಕೇ ಬಂದು ಕೈಮುಗಿದಳು.

"ತಮಟೆ ಹೊಡೆದು ಓಡಿಸೋಕೆ ಅಪ್ಪಣೆ ಕೊಡಿ ಬುದ್ಧೀ. ಹೋದ ವರ್ಷ ಮಕ್ಕಳಿಗೆ ಗೆಡ್ಡೆಗೆಣಸೇ ಗತಿಯಾಯ್ತು."

ಆಸ್ಥಾನ ಪಂಡಿತ ಶೇಷಾವಧಾನಿ ಉರಿದೆದ್ದ. "ಎಂಥ ಪಾಪದ ಮಾತು! ಆನೆಗಳು ಬರುವುದು ಪ್ರಭುಗಳ ದರ್ಶನಕ್ಕೆ. ಒಮ್ಮೆ ನೋಡಿದ ಮುಖವನ್ನು ಮರೆಯಲಾರದೆ ವರ್ಷವರ್ಷವೂ ಬರುತ್ತವೆ!"

ನಾಯಕ ಮೀಸೆ ತೀಡಿದ. "ಓಡಿಸಕೂಡದು."

ಓಲೆ ಬರೆಯುವ ಮುದ್ದಯ್ಯ ಕೈಯಲ್ಲಿದ್ದ ಕಬ್ಬಿಣದ ಲೇಖನಿ ಕೆಳಗಿಟ್ಟ. "ನಿಜ ಪ್ರಭು. ಆದರೆ ಅಂಥ ಭಕ್ತರು ಹೊಲ ತುಳಿದುಕೊಂಡು ಬರುವುದೇಕೆ? ನಾಳೆ ತಾವು ಕಾಡಂಚಿನ ಬೋಳುಬಂಡೆಯ ಮೇಲೆ ದರ್ಶನ ಕೊಡಿ. ಅವಕ್ಕೂ ಹತ್ತಿರ."

ಮರುದಿನ ಬೆಳಗ್ಗೆ ನಾಯಕ ಪೇಟ, ಪದಕ, ಪಟ್ಟೆಶಾಲು ಧರಿಸಿ ಬಂಡೆಯ ಮೇಲೆ ಕುಳಿತ. ಅವಧಾನಿ, ಮುದ್ದಯ್ಯ, ಹೊನ್ನಾಜಮ್ಮ ಪಕ್ಕದಲ್ಲಿ ನಿಂತರು. ಬಿಸಿಲೇರಿತು. ಬಂಡೆ ಕಾದಿತು. ನಾಯಕ ಒಮ್ಮೆ ಆ ಮಗ್ಗುಲಿಗೆ, ಒಮ್ಮೆ ಈ ಮಗ್ಗುಲಿಗೆ ಸರಿದ.

ಕೊನೆಗೆ ಆನೆಗಳು ಬಂದವು. ಮುಂದಿದ್ದ ಮುದಿ ಹೆಣ್ಣಾನೆ ಬಂಡೆಯ ಪಕ್ಕದಲ್ಲೇ ಹಾದು, ನಾಯಕನತ್ತ ಬಾಲ ತಿರುಗಿಸಿ, ಲದ್ದಿ ಹಾಕಿ, ನೆಟ್ಟಗೆ ರಾಗಿ ಹೊಲಕ್ಕೆ ನಡೆಯಿತು. ಉಳಿದವು ಹಿಂಬಾಲಿಸಿದವು.

"ಆನೆಗೆ... ಕಣ್ಣು ಮಂದ, ಪ್ರಭು," ಎಂದು ಅವಧಾನಿ ತೊದಲಿದ.

"ರಾಗಿ ಮಾತ್ರ ಅರ್ಧ ಹರದಾರಿಯಿಂದಲೇ ಕಂಡಿತೇ?" ಎಂದ ಮುದ್ದಯ್ಯ.

ನಾಯಕ ಸಿಡುಕಿದ. "ಹಾಗಾದರೆ ಅವು ಮತ್ತೆ ಮತ್ತೆ ಇಲ್ಲಿಗೇ ಬರುವುದು ಏತಕ್ಕಯ್ಯಾ?"

"ಒಂದು ಸಲ ಹೊಟ್ಟೆ ತುಂಬಿತು, ಯಾರೂ ಗದರಲಿಲ್ಲ. ಜಾಡು ನೆನಪಿಟ್ಟುಕೊಂಡವು, ಮರಿಗಳಿಗೂ ತೋರಿಸಿದವು. ಅವುಗಳ ಭಕ್ತಿ ಅಷ್ಟೇ ಪ್ರಭು. ನಮ್ಮ ಅವಧಾನಿಗಳು ಅರಮನೆಯ ಪಂಕ್ತಿಗೆ ದಿನಾ ಬರುವುದಿಲ್ಲವೇ, ಹಾಗೆ."

ಅವಧಾನಿ ಕೆಂಪೇರಿದ. "ನನ್ನನ್ನು ಆನೆಗೆ ಹೋಲಿಸುತ್ತೀಯಾ?"

"ಛೆ ಛೆ, ಆನೆಗೆ ಅವಮಾನ ಮಾಡಲೇ? ಅದು ತಿಂದದ್ದಕ್ಕಾಗಿ ಸುಳ್ಳು ಹೇಳುವುದಿಲ್ಲ."

ನಾಯಕನಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು, ನಗು ನಿಲ್ಲಲೇ ಇಲ್ಲ. ಕಣ್ಣೊರೆಸಿಕೊಂಡು ಹೊನ್ನಾಜಮ್ಮನ ಕಡೆಗೆ ತಿರುಗಿದ.

"ತಮಟೆ ಹೊಡೆಯಿರಮ್ಮಾ. ಒಂದನ್ನು ನಮ್ಮ ಊಟದ ಚಾವಡಿಗೂ ಕಳಿಸಿ."