ನಾಯಕನ ಸಾವಿನ ಓಲೆ

ಕಲ್ಲುಹಳ್ಳಿಯ ಪಾಳೇಗಾರ ಬೊಮ್ಮನಾಯಕನಿಗೆ ತಾನು ಸಾಯುವ ದಿನ ಗೊತ್ತಾಗಬೇಕಿತ್ತು. ಜೋಯಿಸನೊಬ್ಬ ಅದನ್ನು ಓಲೆಯಲ್ಲಿ ಬರೆದುಕೊಟ್ಟು ಊರು ಬಿಟ್ಟ. ನಾಯಕನಿಗೆ ಓದು ಬಾರದು. ತುಂಬಿದ ಸಭೆಯಲ್ಲಿ ಕರಣಿಕ ವೆಂಕಣಯ್ಯನನ್ನು ಕರೆದು, "ಗಟ್ಟಿಯಾಗಿ ಓದು. ಸುಳ್ಳು ಓದಿದರೆ ತಲೆ ಹೋದೀತು" ಎಂದ.

ವೆಂಕಣಯ್ಯ ಓಲೆ ಬಿಚ್ಚಿ ಮನಸ್ಸಿನಲ್ಲೇ ಓದಿಕೊಂಡ. ದಿನ ಬಲು ಹತ್ತಿರವಿತ್ತು. ನಿಜ ಓದಿದರೂ ತಲೆ ಉಳಿಯುವಂತಿರಲಿಲ್ಲ.

"ಓದುತ್ತೇನೆ, ಬುದ್ಧಿ. ಅದಕ್ಕೆ ಮೊದಲು, ಈ ದಿನ ತಿಳಿಯಲು ತಮಗಿಂತ ಹೆಚ್ಚು ಆತುರ ಯಾರಿಗಿದೆಯೆಂದು ಒಮ್ಮೆ ಸಭೆಯತ್ತ ನೋಡಬೇಕು."

ನಾಯಕ ತಿರುಗಿ ನೋಡಿದ. ಸ್ವಂತ ತಮ್ಮನೇ ಕತ್ತು ಚಾಚಿ ನಿಂತಿದ್ದ. ನೆರೆಕೋಟೆಯ ರಾಯಭಾರಿ ದಿನ ಎಣಿಸಲು ಬೆರಳು ಮಡಚಿಕೊಂಡಿದ್ದ.

ನಾಯಕ ಓಲೆ ಕಿತ್ತುಕೊಂಡು ದೀಪಕ್ಕೆ ಹಿಡಿದ. ತನ್ನ ಶಾಲನ್ನೇ ವೆಂಕಣಯ್ಯನಿಗೆ ಹೊದಿಸಿ ಪಿಸುಗುಟ್ಟಿದ: "ನೀನೂ ಮರೆತುಬಿಡಪ್ಪ."

"ಯಾವುದನ್ನು, ಬುದ್ಧಿ?" ಎಂದ ವೆಂಕಣಯ್ಯ.